ಕಡೀಬೇಡ, ಕಡೆ

— ಚೀಲದಾಗ ಏನ ತಂದಿ? ಕಟ್ಟಿಗಿ ವಾಸ್ನಿ ಬರಾಕತ್ತೇತಿ. ಬೇವಲ್ಲ, ಜಾಲಿ ಅಲ್ಲ, ಸಾಗವಾನೀನೂ ಅಲ್ಲ. ಯಾವ ಗಿಡದ್ದು?

— ಹಾಲಿ ಗಿಡದ್ದು, ಮಾಮಾ. ನೋಡ್ರಿ, ಲಟ್ಟಣಗಿ. ಅಂಗಡ್ಯಾಂದಲ್ಲ, ನಾನ ಮಾಡೀನಿ. ಬಿಜಾಪುರದಾಗ ರೈಲು ಇಳದಾಕಿ ಮನಿಗೂ ಹೋಗಲಿಲ್ಲ, ಸೀದಾ ಬಬಲೇಶ್ವರ ಬಸ್ ಹತ್ತಿ ಬಂದೆ.

— ನೀ ಮಾಡೀದಿ? ತಾ ಇಲ್ಲಿ… ಹ್ಞೂಂ. ಈ ತುದಿ ಸಣ್ಣ, ಆ ತುದಿ ಸಣ್ಣ, ನಡುವ ಒಂದು ಗುಡ್ಡ. ಇದರಲೆ ಹೋಳಿಗಿ ಲಟ್ಟಿಸಿದ್ರ ನಮ್ಮ ಜಿಲ್ಲಾ ನಕಾಶಿ ಬರ್ತೈತಿ.

— ನಮ್ಮ ಮನ್ಯಾಗ ರೊಟ್ಟಿ ಬಡಿಯೂದು, ಲಟ್ಟಿಸೂದಲ್ಲ. ವರ್ಷಕ್ಕ ನಾಕು ಸಲ ಹೋಳಿಗಿಗೆ ಬೇಕು, ನಡೀತೈತಿ ಬಿಡ್ರಿ. ಇದು ಐದನೇದು. ಮೊದಲಿನ ಎರಡು ಮುರದ್ವು. ಮೂರನೇದು ಲೇತಿನಿಂದ ಹಾರಿ ಗ್ವಾಡಿಗೆ ಬಡೀತು. ನಾಕನೇದನ್ನ ಸರಿ ಮಾಡ್ತೀನಿ, ಸರಿ ಮಾಡ್ತೀನಿ ಅಂತ ಹೆರದು ಹೆರದು ಅದು ಪೆನ್ಸಿಲ್ ಆತು.

— ಎಲ್ಲಿ ಕಲ್ತಿ?

— ಚನ್ನಪಟ್ಟಣದಾಗ. ಬೆಂಗಳೂರಿಂದ ಮೈಸೂರು ಹಾದ್ಯಾಗ 60 ಕಿಲೋಮೀಟರ್. ದಸರಾ ಸೂಟ್ಯಾಗ ಗೋಳಗುಮ್ಮಟ ಎಕ್ಸ್‌ಪ್ರೆಸ್ ಹತ್ತಿದೆ. ಒಬ್ಬ ಹಿರೀ ಕಸಬುದಾರರ ಮನಿ, ಎರಡು ಅಂಕಣ, ಮೂರು ಲೇತು. ಕಲಿಯಾವ್ರು ಐದು ಮಂದಿ. ಒಬ್ಬಾಕಿ ಮನಿ ನಕ್ಷಾ ತಗಿಯಾಕಿ, ಒಬ್ರು ರಿಟೈರ್ ಆದ ಇಂಜಿನಿಯರ್, ಇಬ್ಬರು ಕಾಲೇಜ್ ಹುಡುಗರು, ನಾನು. ಮೂರು ದಿನ.

— ರೊಕ್ಕ ತಗೊಂಡ್ರು?

— ತಗೊಂಡ್ರು.

— ಬಡಗ್ಯಾರ ಮನಿ ಹುಡುಗಿ ರೊಕ್ಕ ಕೊಟ್ಟು ಕಟ್ಟಿಗಿ ಕೆಲಸ ಕಲ್ತು ಬಂದಾಳ. ಊರಾಗ ಯಾರಿಗೂ ಹೇಳಬ್ಯಾಡವಾ. ನಾ ನಮ್ಮಪ್ಪನ ಕಡೆ ಬಾಚಿ ಹಿಡಿಯಾಕ ಎರಡು ವರ್ಷ ಕಾದೀನಿ. ಮೊದಲು ಹೊಟ್ಟು ಬಳಿಯೂದು, ಆಮ್ಯಾಲೆ ನೀರು ತಂದು ಕೊಡೂದು, ಆಮ್ಯಾಲೆ ಉಳಿ ಮಸಿಯೂದು. ಮೂರು ದಿನಕ್ಕ ಏನ ಬರ್ತೈತಿ?

— ಉಳಿ ಮಸಿಯೂದು ಬರ್ತೈತಿ. ನಗಬ್ಯಾಡ್ರಿ. ಮೊದಲ್ನೇ ದಿನ ಊಟದ ಹೊತ್ತಿನ ತನಕ ಲೇತಿನ ಗುಂಡೀನ ಒತ್ತಲಿಲ್ಲ ಅವ್ರು. ಒಂದೊಂದು ಉಳಿ ಕೈಯಾಗ ಕೊಟ್ಟು, ಮಸೀರಿ ಅಂದ್ರು. ಆ ಇಂಜಿನಿಯರ್ ಸಾಹೇಬ್ರಿಗೆ ಸಿಟ್ಟು ಬಂದು ಹೊರಗ ಹೋಗಿ ಚಾ ಕುಡದು ಬಂದ್ರು.

— ಹಂಗಾದ್ರ ಅಂವ ಖರೇ ಮಾಸ್ತರ. ಹೇಳು ಮುಂದ.

— ಊಟ ಆದಮ್ಯಾಲೆ ಒಂದು ಚೌಕ ತುಂಡು ಕೊಟ್ರು. ಎರಡೂ ತುದ್ಯಾಗ ಮೂಲಿಯಿಂದ ಮೂಲಿಗೆ ಗೆರಿ ಹೊಡದು ನಟ್ಟನಡುವ ಹುಡುಕೂದು. ಅಲ್ಲಿ ಒಂದು ಚುಚ್ಚು ಹಾಕಿ ಲೇತಿನ ಎರಡು ಮೊನಿ ನಡುವ ಕೂಡ್ರಿಸೂದು. ಉಳಿ ಆನಿಸೂ ಪಟ್ಟಿ ಕಟ್ಟಿಗಿಗೆ ತಾಗಬಾರದು, ದೂರಾನೂ ಇರಬಾರದು. ಕೈಲೆ ಒಂದು ಸುತ್ತು ತಿರುಗಿಸಿ, ಎಲ್ಲೂ ತಟ್ಟೂದಿಲ್ಲ ಅಂತ ನೋಡಿ, ಆಮ್ಯಾಲೆ ಕರೆಂಟು. ಚೌಕ ತಿರಗಾಕ ಶುರು ಆತಂದ್ರ, ಮಾಮಾ, ಮೂಲಿ ಕಾಣೂದ ಇಲ್ಲ, ಒಂದು ಮಬ್ಬು ಮಂಜು ಕಂಡಂಗ ಕಾಣತೈತಿ. ಆ ಮಂಜಿನೊಳಗ ಉಳಿ ಇಡಬೇಕು. ಎದಿ ಢವಢವ ಅಂತಿತ್ತು.

— ನಾವು ಚೌಕದ್ದು ಮೊದಲು ಎಂಟು ಮೂಲಿ ಮಾಡತೀವಿ, ಆಮ್ಯಾಲೆ ಹದಿನಾರು. ಬಾಚೀಲೆ. ಹದಿನಾರು ಆತಂದ್ರ ಅದು ತಾನ ಗುಂಡಾಗಾಕ ತಯಾರ ಇರತೈತಿ.

— ಅವರೂ ಹಂಗ ಅಂದ್ರು. ಆದ್ರ ನಮಗ ಚೌಕನ ಕೊಟ್ರು, ಅಂಜಿಕಿ ಹೋಗಲಿ ಅಂತ. ಅಂಜಿಕಿ ಹೋಗಲಿಲ್ಲ. ನಾ ಹಲ್ಲು ಕಚ್ಚಿ ಉಳಿ ಒತ್ತಿದೆ. ಠಕ್ ಅಂತ ಒಂದು ಏಟು, ಕೈ ಭುಜದ ತನಕ ಝುಂ ಅಂತು, ಕಟ್ಟಿಗಿ ಎರಡು ತುಂಡು. ಆಗ ಹಿಂದಿನಿಂದ ಬಂದು ಅವ್ರು ಒಂದ ಮಾತು ಹೇಳಿದ್ರು: ‘ಕಡೀಬೇಡಮ್ಮ, ಕಡೆ.’

— ಏನು?

— ನನಗೂ ತಿಳೀಲಿಲ್ಲ. ನಮ್ಮ ಬಾಯಾಗ ಎರಡೂ ಒಂದ ಅಲ್ಲೇನ್ರಿ? ಮನೆ ಅನ್ನೂದನ್ನ ಮನಿ ಅಂತೀವಿ, ಹೋಳಿಗೆ ಅನ್ನೂದನ್ನ ಹೋಳಿಗಿ ಅಂತೀವಿ, ಹಂಗ ಕಡೆ ಅನ್ನೂದೂ ಕಡಿ ಆಗೇತಿ. ಗಿಡಾನೂ ಕಡೀತೀವಿ, ಮಜ್ಜಿಗೀನೂ ಕಡೀತೀವಿ. ಅವರ ಕಡೆ ಬ್ಯಾರೆ ಬ್ಯಾರೆ. ಕೊಡಲಿಲೆ ಮಾಡೂದು ಕಡಿಯೋದು. ಕಡಗೋಲಿಲೆ ಮಾಡೂದು ಕಡೆಯೋದು. ಲೇತಿನ ಕೆಲಸಕ್ಕೂ ಹಳೇ ಕನ್ನಡದಾಗ ಕಡೆ ಅಂತನ ಅಂತಾರ. ಕಡೆದ ಕಂಬ, ಕಡೆದ ತೊಟ್ಟಿಲ ಕಾಲು. ತಮಿಳರೂ ಎರಡಕ್ಕೂ ಒಂದ ಮಾತು ಇಟ್ಟಾರ, ಕಡೈ ಅಂತ.

— ಮಜ್ಜಿಗಿಗೂ ಲೇತಿಗೂ ಏನ ಸಂಬಂಧ?

— ಹಗ್ಗ. ಕರೆಂಟ್ ಬರೂಕಿಂತ ಮೊದಲು ಲೇತು ಹ್ಯಾಂಗ ತಿರುಗಸ್ತಿದ್ರು ಅಂತ ಅವ್ರು ತೋರಿಸಿದ್ರು. ಕಟ್ಟಿಗಿಗೆ ಹಗ್ಗ ಎರಡು ಸುತ್ತು ಸುತ್ತಿ, ಎರಡೂ ತುದಿ ಹಿಡದು, ಒಮ್ಮೆ ಇದನ್ನ ಜಗ್ಗೂದು, ಒಮ್ಮೆ ಅದನ್ನ ಜಗ್ಗೂದು. ಕಡಗೋಲು ನೋಡಿದಂಗ ಆತು ನನಗ. ಆ ಮಾತು ಹುಟ್ಟಿದ ಕಾಲಕ್ಕ ಎರಡೂ ಒಂದ ಕೆಲಸ ಆಗಿತ್ತೋ ಏನೋ. ಗಡಿಗ್ಯಾಗ ತಿರುಗಿದ್ರ ಬೆಣ್ಣಿ, ಎರಡು ಗೂಟದ ನಡುವ ತಿರುಗಿದ್ರ ಬುಗರಿ.

— ತಡಿ. ಇದು ನನಗ ಗೊತ್ತೈತಿ. ನಮ್ಮಪ್ಪ ಚಕ್ಕಡಿ ಗಾಲಿ ಗುಂಬ ಹಿಂಗ ಮಾಡ್ತಿದ್ದ. ಹಿತ್ತಲದಾಗ ಎರಡು ಗೂಟ, ನಡುವ ಜಾಲಿ ಬೊಡ್ಡಿ, ಅದಕ್ಕ ಹಗ್ಗ. ಬೈರಗಿ ನೋಡೀದಿಲ್ಲ? ತೂತು ಹೊಡಿಯೂದು. ಅದೂ ಹಗ್ಗದ್ದ. ನೋಡು, ಅಲ್ಲೆ ಗೂಟಕ್ಕ ಐತಿ. ನಾ ಸಣ್ಣಾಂವ ಇದ್ದಾಗ ನನ್ನ ಕೆಲಸ ಬೈರಗಿ ಹಗ್ಗ ಜಗ್ಗೂದು. ಆದ್ರ ಗುಂಬದ ಹಗ್ಗಕ್ಕ ನನ್ನ ಬಿಡ್ತಿರಲಿಲ್ಲ. ಒಂದ ಹದಕ್ಕ ಜಗ್ಗಬೇಕದು. ತನ್ನ ಕಡೆ ತಿರುಗುಮುಂದ ಉಳಿ ಮುಟ್ಟಿಸೂದು, ಆ ಕಡೆ ತಿರುಗುಮುಂದ ಎತ್ತೂದು. ಜಗ್ಗಾವ್ರು ಹದ ತಪ್ಪಿದ್ರ ಉಳಿ ಮುರೀತಿತ್ತು.

— ಯಾರು ಜಗ್ಗತಿದ್ರು ಹಂಗಾದ್ರ?

— ನಿಮ್ಮ ಅಜ್ಜಿ.

— ಅಜ್ಜಿ?

— ಮತ್ಯಾರು? ಮುಂಜಾನಿ ಮಜ್ಜಿಗಿ ಕಡೀತಿದ್ಲು, ಹನ್ನೊಂದಕ್ಕ ಬಂದು ಗುಂಬದ ಹಗ್ಗ ಹಿಡೀತಿದ್ಲು. ಅಕಿ ಕೈ ನಿಂತ್ರ ನಮ್ಮಪ್ಪನ ಕೈ ನಿಲ್ತಿತ್ತು. ನಾ ಇದನ್ನ ಮರ್ತ ಬಿಟ್ಟಿದ್ದೆ ನೋಡು.

— ಶಾಲಿ ಸೂಟಿಗೆ ಬಂದಾಗ ನಾ ಒಮ್ಮೆ ನಿಮ್ಮ ಉಳಿ ಮುಟ್ಟಿದ್ದೆ. ನೆನಪೈತೇನು? ಹೆಣ್ಣಮಕ್ಕಳು ಹತ್ಯಾರ ಮುಟ್ಟಬಾರದು ಅಂತ ಬೈದು ಒಳಗ ಕಳಿಸಿದ್ರಿ. ನನ್ನ ತಮ್ಮಗ ಅದ ದಿವಸ ಸಣ್ಣ ಬಾಚಿ ಮಾಡಿ ಕೊಟ್ರಿ. ಅಂವ ಈಗ ಪುಣೇದಾಗ ಮೊಬೈಲ್ ಮಾರ್ತಾನ.

— ಹಂಗಿತ್ತವಾ ಆಗ. ಉಳಿ ಗಂಡಸರದು.

— ಹಗ್ಗ ಹೆಂಗಸರದು. ಅದನ್ನ ಯಾರೂ ಕಸಬು ಅನ್ನಲಿಲ್ಲ.

— …ಚನ್ನಪಟ್ಟಣದಾಗ ಹೆಣ್ಣಮಕ್ಕಳು ಮಾಡ್ತಾರೇನು?

— ಭಾಳ ಮಂದಿ. ನಮ್ಮ ಮಾಸ್ತರ ಬಾಜೂ ಮನ್ಯಾಗ ಒಬ್ಬಾಕಿ ನನ್ನ ವಯಸ್ಸಿನಾಕಿ, ಒಂದ ತಾಸಿನಾಗ ಒಂದು ಬುಟ್ಟಿ ಮಣಿ ಕಡದು ಹಾಕತಾಳ. ಅಳತಿ ಪಟ್ಟಿ ಇಲ್ಲ, ಗೆರಿ ಇಲ್ಲ. ಎಲ್ಲಾ ಒಂದ ಸಮ. ನಾ ಆಕಿ ಕೈ ನೋಡಿದೆ, ಆಕಿ ನೋಡಾಕತ್ತಿದ್ದು ಕಿಟಕ್ಯಾಗಿಂದ ಓಣೀನ. ಕಿವೀಲೆ ಕೆಲಸ ಮಾಡ್ತಾಳ, ಮಾಮಾ. ಉಳಿ ಚೂಪ ಇದ್ರ ಸುಸ್ಸ್ ಅಂತೈತಿ, ಮೊಂಡ ಆದ್ರ ಗರಗರ ಅಂತೈತಿ. ಚೂಪಿದ್ರ ಸುರುಳಿ ಬರ್ತೈತಿ, ಶಾವಿಗಿ ಎಳಿ ಇದ್ದಂಗ. ಮೊಂಡಿದ್ರ ಬರೇ ಹಿಟ್ಟು.

— ಉಳಿ ಇಡೂದು ಹ್ಯಾಂಗ ತೋರಿಸಿದ್ರು? ಬಾಯಿ ಮೊದಲು ಮುಟ್ಟಿಸಿದ್ರ ಕಚ್ಚತೈತಲ್ಲ.

— ಅದ ಪಾಠ ಮೂರೂ ದಿನ. ಮೊದಲು ಉಳಿ ಬಾಯಿ ಮುಟ್ಟಬಾರದು, ಅದರ ಹಿಮ್ಮಡ ಮುಟ್ಟಬೇಕು, ಮಸದ ಇಳಿಜಾರಿನ ಹಿಂದಿನ ಅಂಚು. ಅದು ಕಟ್ಟಿಗಿ ಮ್ಯಾಲೆ ಸುಮ್ನ ಜಾರಾಕತ್ತಿರತೈತಿ, ಏನೂ ಕೊರಿಯೂದಿಲ್ಲ. ಆಮ್ಯಾಲೆ ಹಿಡಿಕಿ ಒಂದು ಕೂದಲದಷ್ಟು ಎತ್ತು, ಇನ್ನೊಂದು ಕೂದಲದಷ್ಟು ಎತ್ತು. ಎಲ್ಲೋ ಒಂದು ಕಡೆ ಬಾಯಿ ತಾನ ಹಿಡೀತೈತಿ, ಸುರುಳಿ ತಾನ ಏಳತೈತಿ. ನೀವು ರಂದಾ ಹೊಡೀಬೇಕಾದ್ರ ನಿಮ್ಮ ತೋಳು ಓಡಾಡತೈತಿ, ಕಟ್ಟಿಗಿ ನಿಂತಿರತೈತಿ. ಅಲ್ಲಿ ಕಟ್ಟಿಗಿ ಓಡಾಡತೈತಿ, ನಾ ನಿಂದ್ರಬೇಕು. ನನ್ನ ಕೈಗೆ ನಿಂದ್ರೂದ ಗೊತ್ತಿರಲಿಲ್ಲ. ಎರಡನೇ ದಿನ ಸಂಜಿಗೆ ಒಮ್ಮೆ, ಒಂದ ಸಲ, ಈ ತುದಿಯಿಂದ ಆ ತುದಿ ತನಕ ಒಂದ ಸುರುಳಿ ಬಂತು. ಅದನ್ನ ಚೀಲದಾಗ ಇಟ್ಕೊಂಡೀನಿ, ಚೂರಾಗಿರತೈತಿ ಇಷ್ಟೊತ್ತಿಗೆ.

— ಈ ಗುಡ್ಡ ಯಾಕ ಬಂತು ಅಂತ ಹೇಳಿದ್ರೇನು ನಿಮ್ಮ ಮಾಸ್ತರ?

— ನೀವ ಹೇಳ್ರಿ.

— ಒತ್ತಿ ಹಿಡದಿ. ತುದ್ಯಾಗ ಮೊನಿ ಹಿಡದಿರತಾವು, ಅಲ್ಲಿ ಕಟ್ಟಿಗಿ ಜಗ್ಗೂದಿಲ್ಲ. ನಡುವ ಹಿಡಿಯಾವ್ರಿಲ್ಲ, ಉಳಿ ಒತ್ತಿದಂಗ ಅದು ಹಿಂದಕ ಬಾಗತೈತಿ, ಉಳೀಗೆ ಸಿಗೂದಿಲ್ಲ. ಹಂಗಾಗಿ ಅಲ್ಲಿ ದಪ್ಪ ಉಳದೈತಿ. ಎಡಗೈ ಹಿಂದ ಕೊಟ್ಟು ಆಧಾರ ಹಿಡದಿದ್ರ ಬರ್ತಿರಲಿಲ್ಲ.

— ಇದನ್ನ! ಇದನ್ನ ಮೂರನೇ ದಿನ ಅವ್ರು ಕೈ ಹಿಡದು ಹೇಳಿಕೊಟ್ರು. ನೀವು ಲೇತ್ ಮುಟ್ಟದ ಹೇಳಿದ್ರಲ್ಲ.

— ಕಟ್ಟಿಗಿ ಕಟ್ಟಿಗೀನ. ಕೈಯಾಗ ಬಳಿ ಯಾಕಿಲ್ಲ?

— ಮೊದಲ್ನೇ ದಿನ ತಗಸಿದ್ರು. ಬಳಿ ಇಲ್ಲ, ಉಂಗುರ ಇಲ್ಲ, ದುಪ್ಪಟ್ಟಾ ಇಲ್ಲ, ಕೂದಲು ಬಿಗದು ಕಟ್ಟಬೇಕು. ಕೈಗವುಸು ಹಾಕ್ಕೊಂತೀನಿ ಅಂದ್ರ ಅದಂತೂ ಬ್ಯಾಡನ ಬ್ಯಾಡ ಅಂದ್ರು. ಬಟ್ಟಿ ಎಳಿ ಸಿಕ್ಕರ ಕೈನ ಒಳಗ ಎಳಕೊಂತೈತಿ. ಮರಳ ಕಾಗದ ಹಿಡಿಯೂದೂ ಬಟ್ಟಿ ಸುತ್ತಿ ಅಲ್ಲ, ಬರಿಗೈಲೆ. ಲೆಕ್ಕ ಹಾಕ್ರಿ ಮಾಮಾ, ನಾ ಶಾಲ್ಯಾಗ ಹುಡುಗ್ರಿಗೆ ಇದ ಲೆಕ್ಕ ಕೊಡಾಕಿ ಇದೀನಿ: 5 ಸೆಂಟಿಮೀಟರ್ ದಪ್ಪದ ಕೋಲು ನಿಮಿಷಕ್ಕ 1500 ಸುತ್ತು ತಿರುಗಿದ್ರ ಅದರ ಮೈ ಗಂಟೆಗೆ ಸುಮಾರು 14 ಕಿಲೋಮೀಟರ್ ಓಡತೈತಿ, ಸೈಕಲ್ ಇದ್ದಂಗ. ಅದ ವೇಗಕ್ಕ 30 ಸೆಂಟಿಮೀಟರ್ ಅಗಲದ ಬಟ್ಟಲು ಹಾಕಿದ್ರ ಅದರ ಅಂಚು ಗಂಟೆಗೆ 85 ಕಿಲೋಮೀಟರ್. ಅಥಣಿ ರೋಡಿನ ಬಸ್ಸಿಗೆ ಉಳಿ ಹಿಡದಂಗ. ಅದಕ್ಕ ದೊಡ್ಡದಕ್ಕ ವೇಗ ಇಳಿಸೂದು, ಸಣ್ಣದಕ್ಕ ಏರಿಸೂದು. ಆ ಕಾಲೇಜ್ ಹುಡುಗ ಇದನ್ನ ಮರ್ತ, ಅವನ ಬಟ್ಟಲು ಛಾವಣಿ ಮುಟ್ಟಿ ಬಂತು.

— ನಿಮ್ಮ ಅತ್ತಿ ನೋಡೂಕಿಂತ ಮೊದಲು ಬಳಿ ಹಾಕ್ಕೊ. ಹಾಲಿ ಗಿಡನ ಯಾಕ ಅವರಿಗೆ? ಅದು ಮೆತ್ತಗಿನ ಕಟ್ಟಿಗಿ, ನಾವು ಅದನ್ನ ಲೆಕ್ಕಕ್ಕ ಹಿಡಿಯೂದಿಲ್ಲ.

— ಮೆತ್ತಗೈತಿ ಅಂತನ. ಎಳಿ ಒತ್ತೊತ್ತು, ಬಣ್ಣ ಬೆಳ್ಳಗ, ಅಷ್ಟರಮ್ಯಾಲೆ ಅರಗು ಚಂದ ಕೂಡ್ರತೈತಿ. ತುಂಡು ಕೊಯ್ದು ಎರಡು ಮೂರು ತಿಂಗಳು ಒಣಗಸ್ತಾರ. ಆಮ್ಯಾಲೆ ಲೇತಿನ ಮ್ಯಾಲೆ ತಿರುಗಾಕತ್ತಿದ್ದಾಗನ ಬಣ್ಣದ ಅರಗಿನ ಕಡ್ಡಿ ಒತ್ತತಾರ. ಬೆಂಕಿ ಇಲ್ಲ, ಬ್ರಷ್ ಇಲ್ಲ. ತಿಕ್ಕಾಟದ ಕಾವಿಗೆ ಅರಗು ಕರಗಿ ಮೈಗೆ ಹತ್ತತೈತಿ. ಅದರಮ್ಯಾಲೆ ತಾಳೆ ಗರಿ ಹಿಡದ್ರಂದ್ರ ಮುಖ ಕಾಣೂವಂಥ ಹೊಳಪು. ನಾ ಹಳದಿ ಹಚ್ಚಾಕ ಹೋಗಿ ಕರ್ರಗ ಸುಟ್ಟೆ. ಅಲ್ಲೂ ಒತ್ತಿ ಹಿಡದಿದ್ದೆ.

— ಇದು ಕಲಘಟಗಿ ತೊಟ್ಟಲದ ಕೆಲಸ ಇದ್ದಂಗ ಐತಲ್ಲ. ನಿನಗ ನೆನಪಿರಾಕಿಲ್ಲ, ನೀ ಮಲಗಿದ್ದು ಅಂಥಾದ್ರಾಗ. ಧಾರವಾಡ ಕಡೆ ಬೀಗರದು, ಒಂದು ಬಾಣಂತನ ಮುಗದ ಕೂಡ್ಲೆ ಇನ್ನೊಂದು ಮನಿಗೆ ಹೋಗ್ತಿತ್ತು. ಸಾಗವಾನಿ. ಮಗ್ಗಲಿಗೆ ಕಡದ ಕಂಬಿ, ಅಂಚಿಗೆ ಕೃಷ್ಣನ ಆಟ ಬರದಿದ್ರು, ಅರಗಿನ ಬಣ್ಣ. ಎಷ್ಟು ಕೂಸು ಕಡದಾವೋ ಆ ಕಂಬೀನ, ಬಣ್ಣ ಎದ್ದಿರಲಿಲ್ಲ. ಆ ಅರಗು ಹುಳ ಮಾಡೂದು, ಗೊತ್ತೇನು? ಬಾರಿ ಗಿಡದಾಗ, ಮುತ್ತಲ ಗಿಡದಾಗ ಕೂತು.

— ಗೊತ್ತೈತಿ. ಕೂಸು ಬಾಯಾಗ ಇಟ್ರೂ ನಡೀತೈತಿ ಅಂತನ ಆ ಆಟಗಿಗೆ ಹೆಸರು. ಚನ್ನಪಟ್ಟಣದಾಗ ಇದನ್ನ ಟಿಪ್ಪು ಸುಲ್ತಾನ ಪರ್ಶಿಯಾದ ಕಸಬುದಾರರನ್ನ ಕರಸಿ ಶುರು ಮಾಡ್ಸಿದ ಅಂತ ಹೇಳತಾರ. ಆಮ್ಯಾಲೆ ಬಾವಾಸ್ ಮಿಯಾ ಅನ್ನಾವ್ರು ಹೋದ ಶತಮಾನದ ಮೊದಲಿಗೆ ಜಪಾನಿನ ಅರಗಿನ ಕೆಲಸ ಕಲ್ತು ಬಂದ್ರಂತ. ನೋಡ್ರಿ, ಅವರೂ ಹೊರಗ ಹೋಗಿ ಕಲ್ತವ್ರ.

— ರೊಕ್ಕ ಕೊಟ್ಟು ಕಲ್ತಿದ್ದಕ್ಕ ಇಷ್ಟು ದೊಡ್ಡ ಸಾಕ್ಷಿ ಬೇಕಾಗಿರಲಿಲ್ಲ.

— ಇನ್ನೊಂದು ಸಾಕ್ಷಿ ಕೇಳ್ರಿ. ಹ್ವಾದ ವರ್ಷ ಹುಡುಗ್ರನ್ನ ಇಟಗಿಗೆ ಕರಕೊಂಡು ಹೋಗಿದ್ದೆ, ಕೊಪ್ಪಳ ಜಿಲ್ಲಾ, ಮಹಾದೇವ ದೇವಾಲಯ. 1112ರದ್ದು, ಚಾಲುಕ್ಯ ವಿಕ್ರಮಾದಿತ್ಯನ ಕಾಲ. ಅಲ್ಲಿ ಕಂಬ ನೋಡ್ರಿ, ಕೊರಳು, ಬಳಿ, ಗಂಟಿ, ತಟ್ಟಿ, ಒಂದರಮ್ಯಾಲೊಂದು. ಕಲ್ಲನ್ನ ಕಡೆದದ್ದು. ಬಳಪದ ಕಲ್ಲು ಗಣಿಯಿಂದ ತಗದಾಗ ಮೆತ್ತಗ, ಗಾಳಿ ಬಿಸಲಿಗೆ ಗಟ್ಟಿ ಆಗತೈತಿ. ಅವಾಗ ನಾ ‘ಲೇತಿನಾಗ ಮಾಡಿದ್ದು’ ಅಂತ ಪುಸ್ತಕದ ಮಾತು ಒಪ್ಪಿಸಿ ಮುಂದ ನಡಿಸಿದೆ. ಈಗ ಅನಸತೈತಿ, ಆಳೆತ್ತರದ ಕಲ್ಲಿಗೆ ನಟ್ಟನಡುವ ಹುಡುಕಿದಾಂವ ಯಾರೋ, ತಿರುಗಿಸಿದಾವ್ರು ಎಷ್ಟು ಮಂದಿಯೋ. ನಾ ಒಂದು ಗೇಣು ಹಾಲಿ ಕಟ್ಟಿಗೀಗೆ ಅತ್ತೀನಿ.

— ಬಿಜಾಪುರದಾಗ ಅಸಾರ್ ಮಹಲದ ಕಂಬ ನೋಡೀದಿಲ್ಲ? ಸಾಗವಾನಿ, ನಾಕು. ನಮ್ಮಪ್ಪ ಸಿದ್ಧೇಶ್ವರ ಜಾತ್ರಿಗೆ ಕರಕೊಂಡು ಹೋದಾಗೊಮ್ಮೆ ಅಲ್ಲಿ ಮುಂದ ನಿಲ್ಲಿಸಿ, ಇದರ ಎತ್ತರ ನೋಡು ಅಂದಿದ್ದ. ಅಷ್ಟು ದೊಡ್ಡದನ್ನ ಯಾವ ಲೇತೂ ತಿರುಗಿಸಾಕಿಲ್ಲ. ಗೋಳಗುಮ್ಮಟ ನೋಡಾವ್ರೆಲ್ಲ ಮ್ಯಾಲೆ ಹತ್ತಿ ಕೂಗತಾರ, ಈ ಕಂಬದ ಕಡೆ ಯಾರೂ ತಿರುಗಿ ನೋಡಂಗಿಲ್ಲ. ಬಡಗ್ಯಾರ ಸಂಕಟ ಬಡಗ್ಯಾರಿಗೆ… ಹೋಗ್ಲಿ, ಇದನ್ನೆಲ್ಲಾ ಕಲ್ತು ಏನ ಮಾಡಾಕಿ ನೀ? ಲಟ್ಟಣಗಿ ಅಂಗಡಿ ಇಡತೀ?

— ಬುಗರಿ. ಜಾತ್ರ್ಯಾಗೂ ಈಗ ಪ್ಲಾಸ್ಟಿಕ್ಕಿಂದ ಬರ್ತಾವು. ತಿಕೋಟಾದಾಗ ನಮ್ಮ ಶಾಲಿ ಹುಡುಗ್ರು ಅವನ್ನ ತರ್ತಾರ, ಗುಂಡಿ ಒತ್ತಿದ್ರ ಲೈಟು ಹತ್ತತೈತಿ. ದ್ರಾಕ್ಷಿ ತೋಟದ ಮಕ್ಕಳು, ಕತ್ರಿ ಹಿಡದು ಚಾಟ್ನಿ ಮಾಡಾಕ ಬರ್ತೈತಿ, ಕೈ ಚುರುಕದಾವು. ಒಂದು ಬುಗರಿ ತಾವ ಮಾಡಿದ್ರ ನಟ್ಟನಡುವ ಅಂದ್ರ ಏನು, ತ್ರಿಜ್ಯ ಅಂದ್ರ ಏನು ನಾ ಬ್ಯಾರೆ ಹೇಳೂದ ಬ್ಯಾಡ. ತಗೋರಿ, ಒಂದು ಮಾಡಿ ತಂದೀನಿ. ಮೊಳಿ ಹೊಡಿಯೂದು ಉಳದೈತಿ.

— ಹಗುರ ಆತು. ಹಾಲಿ ಬುಗರಿ ಭಾಳೊತ್ತು ತಿರಗಾಕಿಲ್ಲ. ಬುಗರಿಗೆ ಜಾಲಿ ಬೇಕು, ತೂಕ ಇದ್ರ ನಿಂತಂಗ ತಿರಗತೈತಿ. ಸಾರವಾಡ ಕಡೆ ಡೋಣಿ ದಂಡಿದು ಒಂದು ಬೊಡ್ಡಿ ಐತಿ ನನ್ನ ಕಡೆ, ಗಾಲಿ ಮಾಡಾಕಂತ ನೀರಾಗ ನೆನೆಹಾಕಿ, ನೆರಳಾಗ ಒಣಗಿಸಿ ಇಟ್ಟದ್ದು. ಗಾಲಿ ಯಾರೂ ಕೇಳಲಿಲ್ಲ, ಎಲ್ಲಾ ಟ್ರ್ಯಾಕ್ಟರ್ ಟೈರು. ಒಂದು ಸೀಳು ಬಂದಿಲ್ಲ ಅದಕ್ಕ. ಒಯ್ಯಿ. ಆದ್ರ ಲೇತ್ ಎಲ್ಲೈತಿ ನಿನ್ನ ಶಾಲ್ಯಾಗ?

— ಅದ ಚಿಂತಿ. ಸಣ್ಣದೂ ಭಾಳ ರೊಕ್ಕ. ಅದೂ ಅಲ್ಲದ ಹನ್ನೊಂದು ವರ್ಷದ ಹುಡುಗ್ರ ಕೈಯಾಗ 1500 ಸುತ್ತಿನ ಯಂತ್ರ ಕೊಡಾಕ ನನಗ ಧೈರ್ಯ ಇಲ್ಲ.

— ಎರಡು ಗೂಟ ಹೂಳಿದ್ರ ಆಗತೈತಿ. ಮೊನಿಗೆ ಎರಡು ದೊಡ್ಡ ಮೊಳಿ. ಹಗ್ಗ. ಒಂದು ಹುಡುಗ ಜಗ್ಗಲಿ, ಒಂದು ಹುಡುಗ ಹಿಡೀಲಿ, ಆಮ್ಯಾಲೆ ಅದಲಾಬದಲಿ. ಉಳಿ ಕಚ್ಚಿದ್ರ ಹಗ್ಗ ನಿಲ್ಲತೈತಿ, ಅಷ್ಟ. ಕೈ ಮುರಿಯಾಕಿಲ್ಲ.

— ನೀವು ಬಂದು ಹೂಳಿ ಕೊಡತೀರಿ?

— ಬಬಲೇಶ್ವರದಿಂದ ತಿಕೋಟಾ ಏನ ಕಾಶೀನ? ಬಸ್ಸಿನ ಚಾರ್ಜ್ ನಿಂದು. ಉಳಿ ಮಸಿಯೂದು ನೀ ಕಲಿಸು, ಅಷ್ಟಂತೂ ಕಲ್ತು ಬಂದೀದಿ… ಈ ಬುಗರಿದು ಮೊಳಿ ಈಗ ಹೊಡದು ಬಿಡೋಣ. ಎಲ್ಲಿ ಹೊಡೀತಿ?

— ಇಲ್ಲಿ. ಲೇತಿನ ಮೊನಿ ಚುಚ್ಚಿದ ಗುರುತು ಐತಲ್ಲ, ಅದರೊಳಗ. ಕಡದಾಗ ಯಾವುದರ ಸುತ್ತ ತಿರುಗಿತ್ತೋ ಆಡುಮುಂದೂ ಅದರ ಸುತ್ತನ ತಿರುಗಬೇಕು. ಒಂದು ಎಳಿ ಬಾಜೂಕ ಹೋದ್ರ ಕುಣೀತೈತಿ. ಮಶಿನ್ ಕೊಡ್ರಿ, ತೂತು ಹೊಡೀತೀನಿ.

— ಕರೆಂಟ್ ಹೋಗಿ ತಾಸಾತು. ಗೂಟದ ಮ್ಯಾಲಿನ ಬೈರಗಿ ತಗೊಂಡು ಬಾ. ಧೂಳು ಝಾಡಿಸು. ಹಗ್ಗ ಹಳೇದೈತಿ, ಆದ್ರ ಇಷ್ಟಕ್ಕ ತಡೀತೈತಿ.

— ಮೊನಿ ಕೂತೈತಿ. ಹಗ್ಗ ಎರಡು ಸುತ್ತು ಸಾಕೇನು? ಕೊಡ್ರಿ ಇಲ್ಲಿ, ನಾ ಜಗ್ಗತೀನಿ.

— ಬ್ಯಾಡ. ಹಗ್ಗ ನಾ ಹಿಡೀತೀನಿ. ನೀ ಬೈರಗಿ ಹಿಡಿ. ನೆಟ್ಟಗ. ಒತ್ತಬ್ಯಾಡ.